ಅದೇ ಕಂಪನಿ, ಅದೇ ಸಂಬಳ, ಮ್ಯಾನೇಜರ್ ಮಾತ್ರ ಬೇರೆ: ನಿಮ್ಮ ಅನುಭವ ಏನು?

ಮುಳಾಮುಠಾ (ವಾಕಡ್, ಪುಣೆ)

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕಡೆ ದುಡಿಯುವ ಕನ್ನಡದವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಫ್ಯಾಕ್ಟರಿ, ಬ್ಯಾಂಕು, ಆಸ್ಪತ್ರೆ, ಹೋಟೆಲು, ಐಟಿ, ಎಲ್ಲ ಕಡೆಯವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳೋಣ ಅನ್ನಿಸಿತು.

ನಾನು ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ತಂಡದಲ್ಲಿದ್ದೇನೆ. ಊರು ಧಾರವಾಡ. ಕಳೆದ ವರ್ಷ ನಮ್ಮ ಮ್ಯಾನೇಜರ್ ಬದಲಾದರು. ಬೇರೇನೂ ಬದಲಾಗಲಿಲ್ಲ. ಅದೇ ಕಟ್ಟಡ, ಅದೇ ಕ್ಯಾಂಟೀನು, ಅದೇ ಸಂಬಳ, ಭೂಮ್ಕರ್ ಚೌಕದ ಅದೇ ಟ್ರಾಫಿಕ್ಕು. ಆದರೆ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಶುರುವಾಗುತ್ತಿದ್ದ ಸಂಕಟ ಹೋಯಿತು. ನನಗೊಬ್ಬಳಿಗೇ ಅಲ್ಲ, ತಂಡದಲ್ಲಿ ಸುಮಾರು ಎಲ್ಲರಿಗೂ. ಕೆಲಸ ಬಿಡೋಣ ಅಂತ ರೆಸ್ಯೂಮೆ ತಯಾರು ಮಾಡಿಟ್ಟಿದ್ದವರೂ ಉಳಿದುಕೊಂಡರು.

ಹೊಸಬರು ಪಾರ್ಟಿ ಕೊಡಿಸಲಿಲ್ಲ, ಭಾಷಣ ಮಾಡಲಿಲ್ಲ. ಹಾಗಾದರೆ ಮಾಡಿದ್ದೇನು ಅಂತ ನಾನು ತುಂಬಾ ಯೋಚಿಸಿದೆ. ಇಬ್ಬರ ಕಾಲದಲ್ಲೂ ಒಂದೇ ಥರದ ಘಟನೆ ನಡೆದಿತ್ತು. ಅದನ್ನು ಹೇಳುತ್ತೇನೆ.

ಸಾಫ್ಟ್‌ವೇರಿನ ಹೊಸ ರಿಲೀಸ್ ಗ್ರಾಹಕರಿಗೆ ಹೋದ ಬೆಳಿಗ್ಗೆ, ಹಣ ಕಟ್ಟುವ ಪುಟದಲ್ಲಿ ತಪ್ಪು ಮೊತ್ತ ಬರುತ್ತಿದೆ ಅಂತ ಗ್ರಾಹಕರ ದೂರು. ಹಳೆಯ ಮ್ಯಾನೇಜರ್ ಕಾಲ್‌ಗೆ ಬಂದು ಕೇಳಿದ ಮೊದಲ ಪ್ರಶ್ನೆ, "ಇದನ್ನು ಟೆಸ್ಟ್ ಮಾಡಿದ್ದು ಯಾರು?" ಎಲ್ಲರ ಮೈಕೂ ಮ್ಯೂಟ್ ಆಯಿತು. ಆಮೇಲಿನ ಅರ್ಧ ಗಂಟೆ ಯಾರೂ ತೊಂದರೆ ಎಲ್ಲಿದೆ ಅಂತ ಹುಡುಕಲಿಲ್ಲ. ತಮ್ಮ ತಮ್ಮ ಹಳೆಯ ಮೇಲ್ ಹುಡುಕಿದರು, "ನಾನು ಆಗಲೇ ಹೇಳಿದ್ದೆ" ಅಂತ ತೋರಿಸೋದಕ್ಕೆ.

ಹೊಸಬರು ಬಂದ ಮೇಲೆ ಮತ್ತೆ ಹಾಗೇ ಆಯಿತು. ಅವರು ಕೇಳಿದ್ದು, "ಈಗ ಎಷ್ಟು ಗ್ರಾಹಕರಿಗೆ ತೊಂದರೆ ಆಗ್ತಿದೆ? ಅದನ್ನು ಮೊದಲು ನಿಲ್ಲಿಸೋಣ." ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಾನಾಗಿಯೇ ಮೈಕ್ ತೆಗೆದು, "ಸರ್, ಕೂಪನ್ ಹಾಕಿದಾಗ ಮಾತ್ರ ಹೀಗಾಗುತ್ತೆ, ನಾನು ಅದನ್ನು ನೋಡಿರಲಿಲ್ಲ" ಅಂದಳು. ಹತ್ತೇ ನಿಮಿಷದಲ್ಲಿ ಜಾಡು ಸಿಕ್ಕಿತು. ಎರಡು ದಿನ ಬಿಟ್ಟು, ಎಲ್ಲರೂ ತಣ್ಣಗಾದ ಮೇಲೆ, ಇದು ನಮ್ಮ ಕಣ್ಣು ತಪ್ಪಿದ್ದು ಹೇಗೆ ಅಂತ ಕೂತು ಮಾತಾಡಿದೆವು. ನಮ್ಮ ಟೆಸ್ಟ್ ಡೇಟಾದಲ್ಲಿ ಕೂಪನ್‌ಗಳೇ ಇರಲಿಲ್ಲ.

ಇನ್ನೊಂದು ಗಮನಿಸಿದೆ. ಮುಂಚೆ ನಮ್ಮ ಪ್ರತಿ ಮೇಲ್‌ನ ಸಿಸಿಯಲ್ಲಿ ಐದಾರು ಜನ ಇರುತ್ತಿದ್ದರು. ಅದೆಲ್ಲ ಸಾಕ್ಷಿಗೆ. ಯಾರೂ ಹೇಳದೆಯೇ ಅದು ನಿಂತಿತು.

ನನ್ನ ಅನಿಸಿಕೆ ಇಷ್ಟು. ಕೆಟ್ಟ ಸುದ್ದಿ ಕಿವಿಗೆ ಬಿದ್ದಾಗ ಮೇಲಿನವರ ಬಾಯಿಂದ ಬರುವ ಮೊದಲ ಮಾತು ಇದೆಯಲ್ಲ, ಉಳಿದದ್ದೆಲ್ಲ ಅದರ ಮೇಲೆ ನಿಂತಿರುತ್ತೆ. ನಿಮ್ಮ ಕಡೆಯೂ ಹೀಗೇನಾ? ಒಳ್ಳೆಯವರು, ಕೆಟ್ಟವರು ಅಂತ ಬಿಡಿ. ಅವರು ಏನು ಮಾಡುತ್ತಾರೆ ಅಂತ ಬರೆಯಿರಿ.

ಚಾಕಣ್ ಪಾಳಿ (ಮೂಲ ವಿಜಯಪುರ)

ಅಕ್ಕಾ, ನೀವು ಹೇಳಿದ್ದು ಫ್ಯಾಕ್ಟರಿಯಲ್ಲಿ ಕಣ್ಣಿಗೇ ಕಾಣುತ್ತದೆ. ನಮ್ಮದು ಗಾಡಿ ಜೋಡಿಸುವ ಲೈನು. ಪ್ರತಿ ಸ್ಟೇಷನ್ ಪಕ್ಕ ಒಂದು ಹಗ್ಗ ಇರುತ್ತೆ, ಆಂಡನ್ ಅಂತಾರೆ. ಟೊಯೋಟಾದವರಿಂದ ಬಂದ ಪದ್ಧತಿ. ಬೋಲ್ಟ್ ಸರಿಯಾಗಿ ಕೂರಲಿಲ್ಲ, ಭಾಗ ತಪ್ಪಿದೆ ಅನ್ನಿಸಿದರೆ ಯಾರು ಬೇಕಾದರೂ ಎಳೆಯಬಹುದು. ದೀಪ ಹತ್ತುತ್ತೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಗಾಡಿ ಮುಂದಿನ ಸ್ಟೇಷನ್‌ಗೆ ಹೋಗುವುದರೊಳಗೆ ಸರಿಹೋದರೆ ಲೈನು ನಿಲ್ಲುವುದಿಲ್ಲ. ಆಗದಿದ್ದರೆ ನಿಲ್ಲುತ್ತದೆ.

ಕಾಗದದ ಮೇಲೆ ಎಲ್ಲ ಪಾಳಿಗೂ ಒಂದೇ ನಿಯಮ. ಆದರೆ ಒಬ್ಬ ಸೂಪರ್‌ವೈಸರ್ ಬಂದ ಕೂಡಲೇ "ಕೋಣೀ ಓಢಲಾ?" ಅನ್ನುತ್ತಿದ್ದರು, ಎಳೆದದ್ದು ಯಾರು ಅಂತ. ಇನ್ನೊಬ್ಬರು "ಕಾಯ್ ದಿಸ್ಲಂ?" ಅನ್ನುತ್ತಿದ್ದರು, ಏನು ಕಾಣಿಸಿತು ಅಂತ. ಮೊದಲನೆಯವರ ಪಾಳಿಯಲ್ಲಿ ಹಗ್ಗ ಎಳೆಯುವವರೇ ಇಲ್ಲ. ಬೋಲ್ಟ್ ಬಿಗಿಯುವ ಟಾರ್ಕ್ ಗನ್‌ನಲ್ಲಿ ಕೆಂಪು ಬಂದರೆ ಇನ್ನೊಮ್ಮೆ ಒತ್ತಿ, ಹಸಿರು ಬರಲಿಲ್ಲ ಅಂದರೂ ಗಾಡಿ ಮುಂದೆ ಬಿಡುತ್ತಿದ್ದರು. ಅವರ ರಿಪೋರ್ಟ್ ಬೋರ್ಡ್ ಮೇಲೆ ಸ್ವಚ್ಛ. ಎಷ್ಟೋ ತಿಂಗಳು ಪ್ಲಾಂಟ್ ಹೆಡ್ ಅವರನ್ನೇ ಹೊಗಳಿದರು. ಕೊನೆಯ ತಪಾಸಣೆಯಲ್ಲಿ ರಿವರ್ಕ್‌ಗೆ ನಿಂತ ಗಾಡಿಗಳ ಸಾಲು ಯಾರ ಪಾಳಿಯದು ಅಂತ ತೆಗೆದು ನೋಡಿದಾಗ ವಿಷಯ ಹೊರಬಿತ್ತು.

ಆದ್ದರಿಂದ ನಾನು ಒಂದು ಸೇರಿಸುತ್ತೇನೆ. ಸೂಪರ್‌ವೈಸರ್ ಹಾಗೆ ಯಾಕೆ ಆಗುತ್ತಾರೆ ಅಂತಲೂ ನೋಡಬೇಕು. ಲೈನು ನಿಂತರೆ ಅವರನ್ನೂ ಮೇಲಿನವರು ಅದೇ ಧಾಟಿಯಲ್ಲಿ ಕೇಳುತ್ತಾರೆ.

ಪರೇಲ್ ಸಿಸ್ಟರ್ (ಮುಂಬೈ)

ನರ್ಸಿಂಗ್‌ನಲ್ಲಿ ಇದನ್ನು ಸಂಶೋಧನೆಯೇ ತೋರಿಸಿಕೊಟ್ಟಿದೆ. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅಮೆರಿಕದ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ವಾರ್ಡುಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಕಾರಣ ಹುಡುಕಿದಾಗ ಗೊತ್ತಾಯಿತು, ಆ ವಾರ್ಡಿನವರು ತಪ್ಪು ಆದರೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದೇ ವಿಷಯದ ಮೇಲೆ ಇನ್ನೊಂದು ದೊಡ್ಡ ಪ್ರಬಂಧ ಬರೆದರು. ತಂಡದಲ್ಲಿ ಬಾಯಿಬಿಟ್ಟು ಮಾತಾಡಲು ಭಯ ಇಲ್ಲದಿರುವುದು ಎಷ್ಟು ಮುಖ್ಯ ಅಂತ.

ನಾನು ಇದನ್ನು ಕಂಡಿದ್ದೇನೆ. ರಾತ್ರಿ ಪಾಳಿಯಲ್ಲಿ ಪಕ್ಕಪಕ್ಕದ ಹಾಸಿಗೆಯಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳು. ಸಿರಿಂಜಿಗೆ ಔಷಧ ತುಂಬಿಕೊಂಡು ಹೋದ ಹುಡುಗಿ ಕೈಯ ಪಟ್ಟಿ ನೋಡಿ ಕೊನೆ ಕ್ಷಣದಲ್ಲಿ ನಿಂತಳು. ತಪ್ಪು ಆಗಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಅವಳು ಬೆಳಿಗ್ಗೆ ವಾರ್ಡ್ ಸಿಸ್ಟರ್‌ಗೆ ಹೇಳಿದಳು. ಸಿಸ್ಟರ್ ಆಗಲೇ ಒಬ್ಬ ರೋಗಿಯನ್ನು ಬೇರೆ ಕೋಣೆಗೆ ಬದಲಿಸಿದರು, ಕೇಸ್ ಪೇಪರ್ ಮೇಲೆ ಕೆಂಪು ಚೀಟಿ ಅಂಟಿಸಿದರು, ಪಾಳಿ ಬದಲಾಗುವ ಹ್ಯಾಂಡ್‌ಓವರ್ ಹೊತ್ತಿಗೆ ಎಲ್ಲರ ಮುಂದೆ ಅವಳಿಗೆ ಥ್ಯಾಂಕ್ಸ್ ಹೇಳಿದರು. ಅವಳು ಕಾಸರಗೋಡಿನ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಆ ಬೆಳಿಗ್ಗೆ ಬೈಸಿಕೊಂಡಿದ್ದರೆ ಮುಂದೆ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ.

ತಪ್ಪಿನ ವರದಿ ಕಡಿಮೆ ಆಗಲಿ ಅಂತ ಹೇಳಿದವರನ್ನೇ ಶಿಕ್ಷಿಸುವುದು, ಜ್ವರ ಇಳಿಯಲಿ ಅಂತ ಥರ್ಮಾಮೀಟರ್ ಒಡೆದ ಹಾಗೆ.

ರಾತ್ರಿ ಲೋಕಲ್ (ಠಾಣೆ)

ನನ್ನದು ಸಣ್ಣ ವಿಷಯ. ನಮ್ಮ ಮುಖ್ಯಸ್ಥರು ರಾತ್ರಿ 11 ಗಂಟೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೆಲಸದ ಮಾತು ಹಾಕುತ್ತಾರೆ. "ಈಗಲೇ ಉತ್ತರ ಬೇಡ" ಅಂತಲೂ ಬರೆಯುತ್ತಾರೆ. ಒಬ್ಬ ಉತ್ತರ ಕೊಡುತ್ತಾನೆ. ಅವನಿಗೆ ಥಂಬ್ಸ್ ಅಪ್ ಬರುತ್ತೆ. ಮರುದಿನದಿಂದ ಎಲ್ಲರೂ ಕೊಡುತ್ತಾರೆ. ಇದಕ್ಕೆ ಯಾವ ನಿಯಮವೂ ಬೇಕಾಗಲಿಲ್ಲ, ಒಂದು ಹೆಬ್ಬೆರಳು ಸಾಕಾಯಿತು.

ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್ ನೋಡದೇ ಇರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ 2018ರ ಕೊನೆಗೆ ಇಂಥದ್ದೇ ಖಾಸಗಿ ಮಸೂದೆ ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಪಾಸಾಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ, ಪುಣೆಯಲ್ಲಿ ಕೆಲಸಕ್ಕಿದ್ದ ಮಗಳನ್ನು ಕಳೆದುಕೊಂಡ ತಾಯಿಯೊಬ್ಬರು ಕೆಲಸದ ಹೊರೆಯ ಬಗ್ಗೆ ಕಂಪನಿಗೆ ಬರೆದ ಪತ್ರ ನೀವೆಲ್ಲ ಓದಿರುತ್ತೀರಿ. ನಮ್ಮ ಆಫೀಸಿನಲ್ಲೂ ಎಲ್ಲರೂ ಓದಿದರು. ಆ ವಾರ ಮಾತ್ರ ರಾತ್ರಿ ಮೆಸೇಜು ಬರಲಿಲ್ಲ.

ಮಾಟುಂಗಾ ಹೋಟೆಲಿನವ

ಎಲ್ಲರೂ ಕೆಳಗಿನಿಂದ ಮೇಲೆ ನೋಡಿ ಬರೆಯುತ್ತಿದ್ದೀರಿ. ಗಲ್ಲಾದ ಮೇಲೆ ಕೂತವನ ಮಾತೂ ಒಂದಿಷ್ಟು ಕೇಳಿ ಮಾರಾಯ್ರೆ.

ಮಧ್ಯಾಹ್ನ ಒಂದು ಗಂಟೆಗೆ ನನ್ನ ಹೋಟೆಲಿನ ಅಡುಗೆಮನೆಗೆ ಬನ್ನಿ. ಒಂದು ಕಡೆ ಪೂರಿ ಎಣ್ಣೆ ಕುದಿಯುತ್ತಿರುತ್ತೆ, ಇನ್ನೊಂದು ಕಡೆ ಸಾಂಬಾರ್ ಕೊಪ್ಪರಿಗೆ ಇಳಿಸುತ್ತಿರುತ್ತಾರೆ. ಹುಡುಗ ನಡುವೆ ಬಂದರೆ ನಾನು ಕಿರುಚುತ್ತೇನೆ. ಕಿರುಚದಿದ್ದರೆ ಅವನ ಕಾಲು ಬೇಯುತ್ತೆ. ಗ್ಯಾಸ್ ಬೆಲೆ, ಬಾಡಿಗೆ, ತಿಂಡಿಯ ಆ್ಯಪ್‌ಗಳ ಕಮಿಷನ್, ಎಲ್ಲ ಕಳೆದು ಉಳಿಯುವುದು ಎಷ್ಟು ಅಂತ ನಮಗೇ ಗೊತ್ತು. ಬಿಗಿಯಾಗಿರುವವರೆಲ್ಲ ಕೆಟ್ಟ ಯಜಮಾನರು ಅಂತ ದಯವಿಟ್ಟು ಬರೆಯಬೇಡಿ.

ನನ್ನ ತಂದೆಯೂ ಬಿಗಿ ಮನುಷ್ಯ. ಲೋಟ ಸರಿ ತೊಳೆಯದಿದ್ದರೆ ಎಲ್ಲರ ಎದುರೇ ಹೇಳುತ್ತಿದ್ದರು. ಆದರೆ ಸಂಜೆ ಆಯಿತು ಅಂದರೆ ಕಲಿಯುವ ಹುಡುಗರನ್ನು ಬಿಟ್ಟುಬಿಡುತ್ತಿದ್ದರು. ಆಗ ಮುಂಬೈಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಇದ್ದವಲ್ಲ. ಉಡುಪಿ, ಕುಂದಾಪುರ ಕಡೆಯಿಂದ ಬಂದ ಎಷ್ಟೋ ಹುಡುಗರು ಹಗಲು ಟೇಬಲ್ ಒರೆಸಿ, ರಾತ್ರಿ ಅಲ್ಲಿ ಕಲಿತು ಮೆಟ್ರಿಕ್ ಮಾಡಿಕೊಂಡರು. ಸಂಜೆ ಎಂದರೆ ಗಿರಾಕಿ ತುಂಬುವ ಹೊತ್ತು. ಆ ಹೊತ್ತಿಗೆ ಹುಡುಗನನ್ನು ಬಿಡುವುದು ಧನಿಗೆ ನಷ್ಟವೇ. ಪಕ್ಕದ ಹೋಟೆಲಿನವರು ಬಿಡುತ್ತಿರಲಿಲ್ಲ. ಅಲ್ಲಿ ಹುಡುಗರು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರು. ನಮ್ಮಲ್ಲಿ ಇದ್ದವರು ಉಳಿದರು. ಕೆಲವರು ಕಲಿತು ಬ್ಯಾಂಕಿಗೆ ಹೋದರು, ಇಬ್ಬರು ತಮ್ಮದೇ ಹೋಟೆಲು ಹಾಕಿದರು. ಈಗಲೂ ಊರಿನ ಜಾತ್ರೆಯಲ್ಲಿ ಸಿಕ್ಕರೆ ತಂದೆಯ ಕಾಲು ಮುಟ್ಟಿ ಮಾತಾಡಿಸುತ್ತಾರೆ.

ಪರೇಲ್ ಸಿಸ್ಟರ್ (ಮುಂಬೈ)

ಅಣ್ಣಾ, ನಿಮ್ಮ ಮಾತು ಒಪ್ಪುತ್ತೇನೆ. ಆಪರೇಷನ್ ಥಿಯೇಟರಿನಲ್ಲೂ ಡಾಕ್ಟರು ಕಿರುಚುತ್ತಾರೆ. ರಕ್ತ ಹರಿಯುವಾಗ "ಬೇಗ!" ಅಂದರೆ ಯಾರಿಗೂ ನೋವಾಗುವುದಿಲ್ಲ. ನೋವಾಗುವುದು ಕೆಲಸ ಮುಗಿದ ಮೇಲೆ, ಎಲ್ಲರ ಮುಂದೆ "ನಿನ್ನಂಥವರಿಗೆ ಯಾರು ಡಿಗ್ರಿ ಕೊಟ್ಟರು" ಅಂದಾಗ. ಒಂದು ಕೆಲಸದ ಬಗ್ಗೆ, ಇನ್ನೊಂದು ಮನುಷ್ಯನ ಬಗ್ಗೆ. ಕೇಳಿಸಿಕೊಂಡವರಿಗೆ ಎರಡೂ ಒಂದೇ ಥರ ಕೇಳಿಸಲ್ಲ.

ಕೊಥ್ರೂಡ್ ಮೇಷ್ಟ್ರು (ಪುಣೆ)

ನಾನು ಮ್ಯಾನೇಜ್‌ಮೆಂಟ್ ಪಾಠ ಮಾಡುವವನು. ನಿಮ್ಮ ಚರ್ಚೆಗೆ ಹೊಂದುವ ಕೆಲವು ಸಂಗತಿ ಹೇಳುತ್ತೇನೆ.

ಇದು ಹಳೆಯ ಪ್ರಶ್ನೆ. 1939ರಲ್ಲಿ ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟಿಸಿದರು. ಒಬ್ಬ ನಾಯಕ ಬರೀ ಹುಕುಂ ಮಾಡುವವನು, ಒಬ್ಬ ಹುಡುಗರನ್ನು ಕೇಳಿ ನಡೆಯುವವನು, ಒಬ್ಬ ಏನೂ ಮಾಡದೆ ಸುಮ್ಮನಿರುವವನು. ಹುಕುಂ ಮಾಡುವವನ ಗುಂಪು ಅವನು ಎದುರಿಗಿದ್ದಷ್ಟು ಹೊತ್ತು ಚೆನ್ನಾಗಿ ದುಡಿಯಿತು. ಅವನು ಕೋಣೆಯಿಂದ ಹೊರಗೆ ಹೋದ ಮೇಲೆ ಕೆಲಸ ಬಿದ್ದುಹೋಯಿತು. ಕೇಳಿ ನಡೆಯುವವನ ಗುಂಪು, ಅವನಿಲ್ಲದಿದ್ದರೂ ಮಾಡುತ್ತಾ ಹೋಯಿತು. ಚಾಕಣ್‌ನ ಹಗ್ಗದ ಕಥೆಯಲ್ಲಿ ನನಗೆ ಇದೇ ಕಂಡಿತು. ಸುಮ್ಮನಿರುವವನ ಗುಂಪಿನಲ್ಲೂ ಕೆಲಸ ಸಾಗಲಿಲ್ಲ ಅನ್ನುವುದನ್ನು ಮರೆಯಬಾರದು. ಏನೂ ಹೇಳದ ಬಾಸ್ ಒಳ್ಳೆಯ ಬಾಸ್ ಅಂತ ಅಂದುಕೊಳ್ಳುವವರು ಜಾಸ್ತಿ.

ಗೂಗಲ್ 2002ರಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಅಂತ ತೆಗೆದು ನೋಡಿತು. ಕೆಲವೇ ತಿಂಗಳಲ್ಲಿ ಸಣ್ಣಪುಟ್ಟ ಖರ್ಚಿನ ಬಿಲ್ಲು, ಜಗಳ ಎಲ್ಲ ನೇರವಾಗಿ ಗೂಗಲ್ ಸ್ಥಾಪಕರಲ್ಲೊಬ್ಬರಾದ ಲ್ಯಾರಿ ಪೇಜ್ ಹತ್ತಿರ ಬರತೊಡಗಿದವು. ಪ್ರಯೋಗ ನಿಂತಿತು. 2008ರಲ್ಲಿ ಅವರೇ ಮತ್ತೆ, ಒಳ್ಳೆಯ ಮ್ಯಾನೇಜರ್ ಏನು ಮಾಡುತ್ತಾನೆ ಅಂತ ಲೆಕ್ಕ ಹಾಕಿದರು. ಎಂಟು ನಡವಳಿಕೆಗಳ ಪಟ್ಟಿ ಬಂತು. ಕಲಿಸುವವನಾಗಿರುವುದು ಮೊದಲನೆಯದು. ಕೋಡಿಂಗ್, ತಾಂತ್ರಿಕ ಜ್ಞಾನ ಎಂಟನೆಯದು, ಅಂದರೆ ಕೊನೆಯದು. ನಮ್ಮಲ್ಲಿ ಚೆನ್ನಾಗಿ ಕೋಡ್ ಬರೆಯುವವನನ್ನೇ ಮ್ಯಾನೇಜರ್ ಮಾಡುತ್ತೇವೆ ಅಲ್ವಾ?

ಗ್ಯಾಲಪ್ ಸಂಸ್ಥೆ 2015ರಲ್ಲಿ, ಒಂದು ತಂಡಕ್ಕೂ ಇನ್ನೊಂದಕ್ಕೂ ಕೆಲಸದ ಉತ್ಸಾಹದಲ್ಲಿ ಕಾಣುವ ವ್ಯತ್ಯಾಸದಲ್ಲಿ ಕನಿಷ್ಠ 70 ಶೇಕಡಾ ಮ್ಯಾನೇಜರ್‌ನಿಂದ ಬರುತ್ತೆ ಅಂದಿತು. ಇದನ್ನು ಎಲ್ಲರೂ ಹೇಳುತ್ತಾರೆ. ಅವರು ಇಂಥ ಸಮೀಕ್ಷೆಗಳನ್ನೇ ಮಾರುವವರು, ಅದು ನೆನಪಿರಲಿ. ನಾನು ಹೆಚ್ಚು ನಂಬುವುದು ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನವನ್ನು. ಮೈಕೆಲ್ ಮಾರ್ಮಟ್ ಮುಂದಾಳತ್ವದಲ್ಲಿ 1985ರಲ್ಲಿ 10,308 ಜನರನ್ನು ಇಟ್ಟುಕೊಂಡು ಶುರು ಮಾಡಿದ್ದು, ವೈಟ್‌ಹಾಲ್ ಎರಡು ಅಂತ ಹೆಸರು. ಮೇಲಿನವರು ನ್ಯಾಯವಾಗಿ ನಡೆದುಕೊಳ್ಳುತ್ತಾರಾ ಅಂತ ಅವರು ಕೇಳಿದ ಪ್ರಶ್ನೆಗಳು ತೀರಾ ಸರಳ. ನಿಮ್ಮನ್ನು ಕಾರಣವಿಲ್ಲದೆ ಬೈಯುತ್ತಾರಾ? ನಿಮ್ಮ ಕಷ್ಟ ಕೇಳುತ್ತಾರಾ? ಬೇಕಾದ ಮಾಹಿತಿ ಕೊಡುತ್ತಾರಾ? ಇವತ್ತು ಒಂದು, ನಾಳೆ ಒಂದು ಹೇಳುತ್ತಾರಾ? ಒಳ್ಳೆಯ ಕೆಲಸ ಮಾಡಿದರೆ ಹೊಗಳುತ್ತಾರಾ? 2005ರಲ್ಲಿ ಬಂದ ಫಲಿತಾಂಶದಂತೆ, ನ್ಯಾಯ ಸಿಗುತ್ತಿದೆ ಅಂದ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು.

ಮಾಟುಂಗಾದವರೇ, ಆ ಐದು ಪ್ರಶ್ನೆಗಳಲ್ಲಿ "ಬಿಗಿಯಾಗಿದ್ದಾರಾ" ಅನ್ನುವುದು ಇಲ್ಲ ನೋಡಿ. ನಿಮ್ಮ ತಂದೆಯವರು ಪಾಸ್.

ಡೊಂಬಿವಲಿ ರಾಯರು (ನಿವೃತ್ತ ಬ್ಯಾಂಕ್ ಅಧಿಕಾರಿ)

ಮೇಷ್ಟ್ರ ಪಟ್ಟಿಯಲ್ಲಿ "ಬೇಕಾದ ಮಾಹಿತಿ ಕೊಡುತ್ತಾರಾ" ಅಂತ ಇದೆಯಲ್ಲ, ಅದು ಎಷ್ಟು ದೊಡ್ಡದು ಅಂತ ನಾನು ವಿಲೀನದ ಕಾಲದಲ್ಲಿ ಕಂಡೆ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮುಂಬೈಯಲ್ಲಿದ್ದ ನಮ್ಮ ಕರಾವಳಿ ಕಡೆಯ ಸಾವಿರಾರು ನೌಕರರಿಗೆ ಒಂದೇ ಚಿಂತೆ. ನಮ್ಮ ಶಾಖೆ ಉಳಿಯುತ್ತಾ, ಎಲ್ಲಿಗೆ ಹಾಕುತ್ತಾರೆ, ಮಕ್ಕಳ ಶಾಲೆ ಏನು. ಒಬ್ಬ ಮ್ಯಾನೇಜರ್ ಪ್ರತಿ ಶನಿವಾರ ಎಲ್ಲರನ್ನೂ ಕೂರಿಸಿ, "ಈ ವಾರ ನನಗೆ ಗೊತ್ತಾಗಿದ್ದು ಇಷ್ಟು, ಇದು ಇನ್ನೂ ಗೊತ್ತಿಲ್ಲ" ಅಂತ ಹೇಳುತ್ತಿದ್ದರು. ಹೊಸ ವಿಷಯ ಏನೂ ಇಲ್ಲದಿದ್ದರೂ ಕೂರಿಸುತ್ತಿದ್ದರು. ಇನ್ನೊಂದು ಶಾಖೆಯಲ್ಲಿ ಕ್ಯಾಬಿನ್ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅಲ್ಲಿ ಗಾಳಿಸುದ್ದಿಯೇ ಸರ್ಕ್ಯುಲರ್ ಆಯಿತು. ಇಬ್ಬರು ಒಳ್ಳೆಯ ಅಧಿಕಾರಿಗಳು ಸ್ವಯಂ ನಿವೃತ್ತಿ ತೆಗೆದುಕೊಂಡರು.

ಮುಳಾಮುಠಾ ಅವರು ಕೇಳಿದ ಮೊದಲ ಮಾತಿನ ಬಗ್ಗೆಯೂ ಒಂದು ಇದೆ. ನೋಟು ರದ್ದತಿಗಿಂತ ಮುಂಚಿನದು. ತಿಂಗಳ ಮೊದಲ ವಾರ, ಪೆನ್ಷನ್ ದಿನ, ಕೌಂಟರ್ ಮುಂದೆ ಕಾಲಿಡಲು ಜಾಗ ಇಲ್ಲ. ಸಂಜೆ ಕ್ಯಾಶ್ ಟ್ಯಾಲಿ ಮಾಡಿದರೆ 40,000 ರೂಪಾಯಿ ಕಮ್ಮಿ. ಕ್ಯಾಶಿನಲ್ಲಿ ಕೂತಿದ್ದವಳು ಹೊಸದಾಗಿ ಬಂದ ಹುಡುಗಿ. ಮುಖದಲ್ಲಿ ರಕ್ತವಿಲ್ಲ. ಇಂಥ ಕೊರತೆಯನ್ನು ಕ್ಯಾಶಿಯರ್ ಕೈಯಿಂದ ತುಂಬಬೇಕು, ಅದು ಎಲ್ಲರಿಗೂ ಗೊತ್ತು. ಆಗಲೇ ಬಳೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಮ್ಯಾನೇಜರ್ ಬಂದರು. "ಮೊದಲು ಚಹಾ ಕುಡಿ" ಅಂದರು. ಸ್ಟೂಲ್ ಎಳೆದು ಅವಳ ಪಕ್ಕವೇ ಕೂತರು. 40,000 ಅಂದ ಕೂಡಲೇ ಅವರಿಗೆ ಒಂದು ಹೊಳೆದಿತ್ತು. ಒಂದು ಕಟ್ಟಿಗೆ ನೂರು ನೋಟು. ನೂರರ ಕಟ್ಟು ಅಂದರೆ 10,000. ಐನೂರರ ಕಟ್ಟು ಅಂದರೆ 50,000. ಗಡಿಬಿಡಿಯಲ್ಲಿ ನೂರರ ಕಟ್ಟಿನ ಬದಲು ಐನೂರರದು ಹೋದರೆ ಸರಿಯಾಗಿ 40,000 ಕಮ್ಮಿ ಬರುತ್ತೆ. ಆ ದಿನದ ಚೆಕ್ಕುಗಳನ್ನೆಲ್ಲ ತೆಗೆಸಿ, ಹಿಂಬದಿ ಬರೆದ ನೋಟುಗಳ ವಿವರ ಒಂದೊಂದೇ ಓದಿದರು. ನೂರರ ಪೂರ್ತಿ ಕಟ್ಟು ಕೊಟ್ಟಿದ್ದು ಮೂವರಿಗೆ. ಮೂವರಿಗೂ ತಾವೇ ಫೋನ್ ಮಾಡಿದರು. ಎರಡನೆಯವರು ಕಿರಾಣಿ ವ್ಯಾಪಾರಿ, ಚೀಲ ಇನ್ನೂ ಬಿಚ್ಚಿರಲಿಲ್ಲ. ಬೆಳಿಗ್ಗೆ ತಂದು ಕೊಟ್ಟರು.

ಆ ರಾತ್ರಿ ಮ್ಯಾನೇಜರ್ ಕೊರತೆಯನ್ನು ಮುಚ್ಚಿಡಲಿಲ್ಲ ಅನ್ನುವುದನ್ನೂ ಹೇಳಬೇಕು. ನಿಯಮದಂತೆ ಪುಸ್ತಕದಲ್ಲಿ ಬರೆದರು, ಮೇಲಿನ ಆಫೀಸಿಗೆ ತಿಳಿಸಿದರು, ಮರುದಿನ ಹಣ ಬಂದ ಮೇಲೆ ಅದನ್ನೂ ಬರೆದರು. ಪ್ರೀತಿ ಬೇರೆ, ಲೆಕ್ಕ ಬೇರೆ ಅಂತ ಆ ಹುಡುಗಿ ಅಲ್ಲೇ ಕಲಿತಳು. "ಬೆಳಿಗ್ಗೆಯೊಳಗೆ ಕಟ್ಟು" ಅಂತ ಹೇಳಿ ಮನೆಗೆ ಹೋಗುವ ಮ್ಯಾನೇಜರ್‌ಗಳನ್ನೂ ನಾನು ನೋಡಿದ್ದೇನೆ. ನಿಯಮದ ಪ್ರಕಾರ ಅವರದೂ ತಪ್ಪಲ್ಲ.

ವೆರ್ಣಾ ಗದಗ (ಗೋವಾ)

ಎಲ್ಲರ ಮಾತು ಓದಿದೆ. ನಿಮಗೆಲ್ಲ ಒಬ್ಬ ಮ್ಯಾನೇಜರ್ ಇದ್ದಾರೆ. ನಾವು ಝುವಾರಿನಗರದಲ್ಲಿ ಇರುವ ಗದಗ, ಬಾಗಲಕೋಟೆ, ಹಾವೇರಿ ಕಡೆಯವರು. ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ದುಡಿಯುತ್ತೇವೆ. ಸಂಬಳ ಕಂಟ್ರಾಕ್ಟರ್ ಕೊಡುತ್ತಾನೆ, ಕೆಲಸ ಕಂಪನಿಯ ಅಧಿಕಾರಿ ಹೇಳುತ್ತಾರೆ. ಏನಾದರೂ ಕೇಳಿದರೆ ಅಧಿಕಾರಿ "ಕಂಟ್ರಾಕ್ಟರನ್ನು ಕೇಳು" ಅನ್ನುತ್ತಾರೆ, ಕಂಟ್ರಾಕ್ಟರ್ "ಕಂಪನಿಯವರನ್ನು ಕೇಳು" ಅನ್ನುತ್ತಾನೆ. ಕೆಟ್ಟ ಸುದ್ದಿ ಹೇಳೋಣ ಅಂದರೆ ಯಾರಿಗೆ ಹೇಳುವುದು?

ನಮ್ಮ ಗೇಟ್ ಪಾಸಿನ ಬಣ್ಣವೇ ಬೇರೆ. ಕ್ಯಾಂಟೀನಿನಲ್ಲಿ ನಮ್ಮ ಸರದಿ ಕೊನೆಗೆ. ಒಂದು ಸಲ ಪ್ಯಾಕಿಂಗ್ ಯಂತ್ರದ ಗಾರ್ಡ್, ಅಂದರೆ ಕೈ ಸಿಕ್ಕಿಕೊಳ್ಳದಂತೆ ಹಾಕುವ ಮುಚ್ಚಳ, ಸಡಿಲವಾಗಿತ್ತು. ನಮ್ಮ ಹುಡುಗ ನೋಡಿದ್ದ, ಹೇಳಲಿಲ್ಲ. ಯಾಕಪ್ಪಾ ಅಂದರೆ, "ಹೇಳಿದರೆ ನಾಳೆಯಿಂದ ಬರಬೇಡ ಅಂತಾರಣ್ಣ" ಅಂದ. ಅವನ ಭಯ ಸುಳ್ಳಲ್ಲ. ನೌಕರಿ ಖಾಯಂ ಇದ್ದವರಿಗೆ ಬೈಗುಳ ಬೀಳುತ್ತೆ, ನಮಗೆ ಗೇಟು ಬೀಳುತ್ತೆ.

ಆಮೇಲೆ ಒಬ್ಬ ಶಿಫ್ಟ್ ಇನ್‌ಚಾರ್ಜ್ ಬಂದರು, ಗೋವಾದವರೇ. ಮೊದಲ ವಾರದಲ್ಲೇ ನಮ್ಮ ಎಲ್ಲರ ಹೆಸರು ಕಲಿತರು. ಅದಕ್ಕಿಂತ ದೊಡ್ಡದು, ಕಂಟ್ರಾಕ್ಟರ್ ಪಿಎಫ್ ಕಟ್ಟಿದ್ದಾನಾ ಅಂತ ತಾವೇ ಚಲನ್ ತರಿಸಿ ನೋಡಿದರು. ಎರಡು ತಿಂಗಳದು ಬಾಕಿ ಇತ್ತು, ಕಟ್ಟಿಸಿದರು. ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾನೂನಿನಲ್ಲೇ ಬರೆದಿದ್ದರು. ಇದನ್ನು ನಮಗೆ ಹೇಳಿದವರು ಅವರೊಬ್ಬರೇ. ಅವರು ನಗುನಗುತ್ತಾ ಮಾತಾಡುವ ಮನುಷ್ಯ ಅಲ್ಲ. ಆದರೆ ಆ ಗಾರ್ಡಿನ ವಿಷಯ ನಮ್ಮ ಹುಡುಗ ಅವರಿಗೆ ಹೋಗಿ ಹೇಳಿದ.

ಮುಳಾಮುಠಾ (ವಾಕಡ್, ಪುಣೆ)

ಗದಗದ ಅಣ್ಣಾ, ನೀವು ಬರೆದದ್ದು ನನ್ನ ಪ್ರಶ್ನೆಯನ್ನೇ ತಿರುಗಿಸಿಬಿಟ್ಟಿತು. ನಾನು ಮೊದಲ ಮಾತು ಅಂದೆ. ಆ ಮಾತಿನ ಹಿಂದೆ ಏನು ಕಳೆದುಕೊಳ್ಳುವ ಭಯ ಇದೆ ಅನ್ನುವುದು ಅದಕ್ಕಿಂತ ಮುಖ್ಯ. ನಮ್ಮ ತಂಡದಲ್ಲೂ ಬೇರೆ ಏಜೆನ್ಸಿಯಿಂದ ಬಂದ ಟೆಸ್ಟರ್‌ಗಳು ಇದ್ದಾರೆ. ಹೊಸ ಮ್ಯಾನೇಜರ್ ಬಂದ ಮೇಲೂ ಅವರು ಮೀಟಿಂಗಿನಲ್ಲಿ ಮಾತಾಡುವುದು ಕಡಿಮೆಯೇ.

ಚಾಕಣ್ ಪಾಳಿ (ಮೂಲ ವಿಜಯಪುರ)

ಗದಗದವರ ಮಾತು ಖರೇ ಅದ. ನಮ್ಮ ಲೈನಿನಲ್ಲೂ ಹಗ್ಗ ಅತಿ ಕಡಿಮೆ ಎಳೆಯುವವರು ಗುತ್ತಿಗೆ ಹುಡುಗರು. ಅತಿ ಹೆಚ್ಚು ಬೋಲ್ಟ್ ಹಾಕುವವರೂ ಅವರೇ. "ಕಾಯ್ ದಿಸ್ಲಂ" ಅನ್ನುವ ಸೂಪರ್‌ವೈಸರ್ ಒಂದು ಕೆಲಸ ಮಾಡಿದರು. ಗುತ್ತಿಗೆ ಹುಡುಗ ಹಗ್ಗ ಎಳೆದ ದಿನ ಬೋರ್ಡ್ ಮೇಲೆ ಅವನ ಹೆಸರು ಬರೆಸಿ, ಕಂಟ್ರಾಕ್ಟರ್‌ಗೆ ತಾವೇ ಫೋನ್ ಮಾಡಿ "ಇವನನ್ನು ತೆಗೆಯಬೇಡ, ಇವನು ನನಗೆ ಬೇಕು" ಅಂದರು. ಆ ಮಾತು ಎಲ್ಲ ಪಾಳಿಗೂ ಹರಡಿತು.

ಹೊಸ ಪದವೀಧರ (ಈಗ ಬೆಳಗಾವಿ)

ಹಿರಿಯರೆಲ್ಲರಿಗೂ ನಮಸ್ಕಾರ. ನನಗೆ ಎರಡು ಆಫರ್ ಬಂದಿವೆ. ಒಂದು ಪುಣೆಯ ಖರಾಡಿ, ಒಂದು ನವಿ ಮುಂಬೈಯ ಐರೋಲಿ. ಸಂಬಳ ಸುಮಾರು ಒಂದೇ. ಸೇರುವ ಮೊದಲೇ ಮೇಲಿನವರು ಹೇಗೆ ಅಂತ ತಿಳಿಯೋದು ಹೇಗೆ?

ಕೊಥ್ರೂಡ್ ಮೇಷ್ಟ್ರು (ಪುಣೆ)

ನೀನು ಯಾರ ಕೈಕೆಳಗೆ ಇರುತ್ತೀಯೋ ಅವರ ಜೊತೆ ಹದಿನೈದು ನಿಮಿಷ ಮಾತಾಡಬೇಕು ಅಂತ ಎಚ್‌ಆರ್‌ಗೆ ಕೇಳಪ್ಪ. ಕೇಳಿದ್ದಕ್ಕೆ ಯಾರೂ ಆಫರ್ ವಾಪಸ್ ತೆಗೆದುಕೊಳ್ಳಲ್ಲ. ಅವರಿಗೆ ಎರಡು ಪ್ರಶ್ನೆ ಹಾಕು. ಈ ಜಾಗದಲ್ಲಿ ನನಗಿಂತ ಮುಂಚೆ ಇದ್ದವರು ಈಗ ಎಲ್ಲಿದ್ದಾರೆ? ಹಿಂದಿನ ಸಲ ಒಂದು ದೊಡ್ಡ ತೊಂದರೆ ಆದಾಗ ತಂಡ ಏನು ಮಾಡಿತು?

ರಾತ್ರಿ ಲೋಕಲ್ (ಠಾಣೆ)

ಐರೋಲಿ ಆದರೆ ಸಂಜೆ ಸ್ಟೇಷನ್ನಿನ ಹತ್ತಿರ ಒಂದು ಸಲ ನಿಂತು ನೋಡು ತಮ್ಮಾ. ಆ ಕಂಪನಿಯ ಐಡಿ ಹಾಕಿಕೊಂಡವರು ಎಷ್ಟು ಗಂಟೆಗೆ ಬರುತ್ತಾರೆ ಅಂತ. ಮಾತಾಡಿಸಿದರೆ ಹೇಳುತ್ತಾರೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಬಂದಾಗ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇತ್ತು, ಮೀರಿದರೆ ದುಪ್ಪಟ್ಟು ಕೂಲಿ. ಆಫರ್ ಲೆಟರಿನಲ್ಲಿ ಹೊತ್ತಿನ ಬಗ್ಗೆ ಏನು ಬರೆದಿದ್ದಾರೆ ಅಂತ ಓದು. ನೋಟಿಸ್ ಪೀರಿಯಡ್ 90 ದಿನ ಇದ್ದರೆ, ಕೆಟ್ಟ ಕಡೆ ಸಿಕ್ಕಿಕೊಂಡರೂ ಮೂರು ತಿಂಗಳು ಬಿಡಲಾಗಲ್ಲ, ಅದನ್ನೂ ನೋಡು.

ಮಾಟುಂಗಾ ಹೋಟೆಲಿನವ

ಸ್ಟೇಷನ್ನಿಗೆ ಹೋದಾಗ ಹತ್ತಿರದ ಚಹಾ ಅಂಗಡಿಯವರನ್ನೂ ಕೇಳು. ಯಾವ ಆಫೀಸಿನವರು ನಗುತ್ತಾ ಬರುತ್ತಾರೆ, ಯಾವ ಆಫೀಸಿನವರು ಫೋನ್ ಹಿಡಿದೇ ಚಹಾ ಕುಡಿಯುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹೊಸ ಪದವೀಧರ (ಈಗ ಬೆಳಗಾವಿ)

ತುಂಬಾ ಥ್ಯಾಂಕ್ಸ್. ಐರೋಲಿಯವರು ಶುಕ್ರವಾರ ಕರೆದಿದ್ದಾರೆ. ಮೇಷ್ಟ್ರ ಎರಡೂ ಪ್ರಶ್ನೆ ಕೇಳುತ್ತೇನೆ. ಖರಾಡಿಯ ಎಚ್‌ಆರ್‌ಗೆ ಈಗಷ್ಟೇ ಮೇಲ್ ಹಾಕಿದೆ, ಮ್ಯಾನೇಜರ್ ಜೊತೆ ಮಾತಾಡಬೇಕು ಅಂತ.

ಮುಳಾಮುಠಾ (ವಾಕಡ್, ಪುಣೆ)

ಒಳ್ಳೆಯದಾಯಿತು ತಮ್ಮಾ. ಎರಡನೇ ಪ್ರಶ್ನೆಗೆ ಅವರು ಘಟನೆ ಹೇಳುತ್ತಾರಾ, ಅಥವಾ "ನಮ್ಮಲ್ಲಿ ಅಂಥದ್ದು ಆಗುವುದೇ ಇಲ್ಲ" ಅನ್ನುತ್ತಾರಾ ಅಂತ ಗಮನಿಸು. ಎರಡನೆಯ ಉತ್ತರ ಬಂದರೆ ಸಹಿ ಹಾಕುವ ಮೊದಲು ಇಲ್ಲಿ ಒಮ್ಮೆ ಬರೆ. ಖರಾಡಿಯಲ್ಲಿ ನನ್ನ ಗೆಳತಿ ಇದ್ದಾಳೆ, ಆ ಕಂಪನಿಯವರು ಯಾರಾದರೂ ಪರಿಚಯ ಇದ್ದಾರಾ ಅಂತ ನಾಳೆ ಕೇಳಿ ಹೇಳುತ್ತೇನೆ.